ಕಡಲ ಮಧ್ಯೆ ಎಂಜಿನ್ ನಿಂತರೆ ಎಲ್ಲಿಂದ ಹುಡುಕಬೇಕು?

ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಆಗಸ್ಟ್ ಮೊದಲ ವಾರ. ನಮ್ಮ ಮೀನು ಹಿಡಿಯುವ ಬೋಟು ಮಲ್ಪೆ ಅಳಿವೆ ದಾಟಿ ಸುಮಾರು 40 ನಿಮಿಷ ಆಗಿತ್ತು. ಎಂಜಿನ್ ಸದ್ದು ಏರುಪೇರಾಯಿತು. ಇಳಿಯಿತು, ಏರಿತು, ಮತ್ತೆ ಇಳಿಯಿತು. ನಾಲ್ಕೈದು ಸಲ ಉಸಿರು ಕಟ್ಟಿದ ಹಾಗೆ ಮಾಡಿ ನಿಂತೇ ಹೋಯಿತು.

ಲಂಗರು ಹಾಕಿದೆವು. ಬೋಟು ನಡೆಸುವ ತಾಂಡೇಲರು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದರು. "ಡೀಸೆಲ್ ಬೇಕಾದಷ್ಟುಂಟು ಅಣ್ಣ" ಅಂದರು. ನಾನು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತಿ ಒತ್ತಿ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆದೆ. ಸ್ಟಾರ್ಟ್ ಒತ್ತಿದ ಕೂಡಲೇ ಹಿಡಿಯಿತು. ಏರ್ ಹಿಡಿದಿತ್ತು, ಸರಿ ಹೋಯಿತು ಅಂದುಕೊಂಡೆವು. ಒಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಮತ್ತೆ ಕೋಲು, ಮತ್ತೆ ಪಂಪ್, ಮತ್ತೆ ಸ್ಟಾರ್ಟ್. ಮೂರನೇ ಸಲ ಒಂದೂವರೆ ಗಂಟೆ ಹತ್ತಿರ ಓಡಿ ನಿಂತಿತು. ಅಲ್ಲಿಂದ ನಿಧಾನಕ್ಕೆ ವಾಪಸ್ ಬಂದೆವು.

ದಕ್ಕೆಯಲ್ಲಿ ಕಟ್ಟಿ ನ್ಯೂಟ್ರಲ್‌ನಲ್ಲಿ ಎರಡು ಗಂಟೆ ಓಡಿಸಿದೆವು. ನಿಲ್ಲಲೇ ಇಲ್ಲ. ಮುಂದಿನ ವಾರದಲ್ಲಿ ಎರಡೂ ಫಿಲ್ಟರ್ ಬದಲಾಯಿಸಿದೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಹೊಸದು ಹಾಕಿಸಿದೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿದೆ. ಕಡಲಿಗೆ ಹೋದರೆ ಮತ್ತೆ ಅದೇ. ಕಾರಣ ಏನೆಂದು ಮುಂದೆ ಹೇಳುತ್ತೇನೆ. ಆದರೆ ಅದನ್ನು ಕಂಡುಹಿಡಿಯಲು ಬೇಕಾದದ್ದೆಲ್ಲ ಮೊದಲ ದಿನವೇ ನಮ್ಮ ಕಣ್ಣ ಮುಂದೆ ಇತ್ತು. ನಿಂತ ಹೊತ್ತು, ನಿಂತ ರೀತಿ, ಮತ್ತೆ ಹಿಡಿಯುವ ಮೊದಲು ನಾವು ಏನೇನು ಮಾಡಿದೆವು ಎನ್ನುವುದು. ಅದನ್ನು ಒಂದು ಕಾಗದದಲ್ಲಿ ಬರೆದಿಟ್ಟು ನೋಡಿದ್ದರೆ ಒಂದು ವಾರದ ದುಡಿಮೆ ಉಳಿಯುತ್ತಿತ್ತು. ಈ ಬರಹ ಅದಕ್ಕೇ: ಸ್ಪ್ಯಾನರ್ ಹಿಡಿಯುವ ಮೊದಲು ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅಂತ.

ಮೊದಲು ಬೋಟು, ಆಮೇಲೆ ಎಂಜಿನ್

ಎಂಜಿನ್ ನಿಂತ ಕೂಡಲೇ ಎಂಜಿನ್ ರೂಮಿಗೆ ಓಡಬೇಡಿ. ಗಾಳಿ ಯಾವ ಕಡೆ ಬೀಸುತ್ತಿದೆ, ನೀರು ಯಾವ ಕಡೆ ಎಳೆಯುತ್ತಿದೆ, ಬಂಡೆ ಎಷ್ಟು ದೂರ ಇದೆ ನೋಡಿ. ಲಂಗರು ತಳ ಮುಟ್ಟುವ ಜಾಗವಾದರೆ ಲಂಗರು ಹಾಕಿ. ಅಕ್ಕಪಕ್ಕದ ಬೋಟಿಗೆ ವಿಎಚ್‌ಎಫ್ ರೇಡಿಯೋದಲ್ಲಿ ತಿಳಿಸಿ. ಅಪಾಯ ಅನಿಸಿದರೆ ಚಾನೆಲ್ 16ರಲ್ಲಿ ಕರೆಯಿರಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ ನಂಬರ್ 1554. ಸೇಂಟ್ ಮೇರೀಸ್ ದ್ವೀಪದ ಸುತ್ತಮುತ್ತ ಬಂಡೆ ಜಾಸ್ತಿ. ಅಲ್ಲಿ ಹತ್ತು ನಿಮಿಷ ತೇಲಿದರೂ ಬೋಟೇ ಹೋದೀತು.

ಇನ್ನೊಂದು ಮಾತು. ಸುಮ್ನೆ ಸ್ಟಾರ್ಟ್ ಒತ್ತುತ್ತಾ ಇರಬೇಡಿ. ಬ್ಯಾಟರಿ ಸತ್ತರೆ ದೋಷ ಸಿಕ್ಕಿದ ಮೇಲೂ ಎಂಜಿನ್ ಹಿಡಿಯುವುದಿಲ್ಲ. ಎಕ್ಸಾಸ್ಟ್ ಪೈಪಿಗೇ ಸಮುದ್ರದ ನೀರು ಬಿಡುವ ಮಾದರಿಯ ಎಂಜಿನ್ ಇದ್ದರೆ ಇನ್ನೊಂದು ದೊಡ್ಡ ಅಪಾಯ ಇದೆ. ಎಂಜಿನ್ ಹಿಡಿಯದೆ ತಿರುಗುತ್ತಿದ್ದರೆ ಆ ನೀರನ್ನು ಹೊರಗೆ ತಳ್ಳುವಷ್ಟು ಹೊಗೆ ಬರುವುದಿಲ್ಲ. ನೀರು ಸೈಲೆನ್ಸರಿನಲ್ಲಿ ತುಂಬಿ ಹಿಂದಕ್ಕೆ ಸಿಲಿಂಡರಿಗೆ ಇಳಿಯುತ್ತದೆ. ಆಮೇಲೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಹಾಗಾಗಿ ಎರಡು ಮೂರು ಸಲಕ್ಕೆ ಹಿಡಿಯಲಿಲ್ಲ ಅಂದರೆ ಸಮುದ್ರದ ನೀರು ಒಳಗೆ ಬರುವ ವಾಲ್ವ್ ಮುಚ್ಚಿ ಪ್ರಯತ್ನಿಸಿ, ಹಿಡಿದ ಕ್ಷಣವೇ ತೆರೆಯಿರಿ. ಮರೆಯದಿರಲು ನಾನು ವಾಲ್ವ್ ಮುಚ್ಚಿದಾಗ ಕೀಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ನಮ್ಮ ಕಡೆಯ ಟ್ರಾಲ್ ಬೋಟುಗಳಲ್ಲಿ ಹೊಗೆ ಮೇಲಕ್ಕೆ ಒಣ ಪೈಪಿನಲ್ಲಿ ಹೋಗುವುದಾದರೆ ಈ ಭಯ ಇಲ್ಲ.

ಹೇಗೆ ನಿಂತಿತು?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಏರಿಳಿದು, ತಡವರಿಸಿ ನಿಂತರೆ ಡೀಸೆಲ್ ಸಾಕಾಗಲಿಲ್ಲ ಅಂತ ಅರ್ಥ. ಕೀಲಿ ತಿರುಗಿಸಿ ಆಫ್ ಮಾಡಿದ ಹಾಗೆ ಸದ್ದಿಲ್ಲದೆ ತಟ್ಟನೆ ನಿಂತರೆ ಮೊದಲು ಸ್ಟಾಪ್ ಸೊಲೆನಾಯ್ಡ್ ನೋಡಿ, ಅಂದರೆ ಕರೆಂಟಿನಿಂದ ಡೀಸೆಲ್ ಬಿಡುವ, ನಿಲ್ಲಿಸುವ ಸ್ವಿಚ್. ಕೆಲವು ಎಂಜಿನ್‌ಗಳಲ್ಲಿ ಓಡಲು ಅದಕ್ಕೆ ಕರೆಂಟ್ ಬರುತ್ತಲೇ ಇರಬೇಕು. ಒಂದು ವಯರ್ ಕಳಚಿದರೆ, ಒಂದು ಫ್ಯೂಸ್ ಹೋದರೆ, ಒಳ್ಳೆ ಎಂಜಿನ್ ಕೂಡ ಆ ಕ್ಷಣ ನಿಲ್ಲುತ್ತದೆ. ಧಡ್ ಅಂತ ಸದ್ದಾಗಿ, ಬೋಟು ನಡುಗಿ ನಿಂತರೆ ಪ್ರೊಪೆಲ್ಲರಿಗೆ ಹಗ್ಗವೋ ಬಲೆಯ ತುಂಡೋ ಸುತ್ತಿರಬೇಕು. ನ್ಯೂಟ್ರಲ್‌ಗೆ ಹಾಕಿ ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡಿ ಗೇರ್ ಹಾಕಿದ ಕೂಡಲೇ ನಿಂತರೆ ದೋಷ ಎಂಜಿನ್‌ನಲ್ಲಿ ಇಲ್ಲ, ನೀರಿನ ಕೆಳಗಿದೆ.

ಬಿಸಿ ಏರಿ, ಶಕ್ತಿ ಕುಂದಿ, ಕಿರುಗುಟ್ಟಿ ನಿಂತಿತು ಅಂದರೆ ಮತ್ತೆ ಸ್ಟಾರ್ಟ್ ಒತ್ತಲೇಬೇಡಿ. ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡಿರಬಹುದು. ಆರಿದ ಮೇಲೆ ಕ್ರ್ಯಾಂಕ್ ಪುಲ್ಲಿಗೆ ಉದ್ದ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗುತ್ತದಾ ನೋಡಿ.

ಡೀಸೆಲ್ ಬರುವ ದಾರಿ

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡುತ್ತದೆ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಓಡುತ್ತಿದ್ದ ಎಂಜಿನ್ ತಡವರಿಸಿ ನಿಂತಿತು ಅಂದರೆ ಮೊದಲ ಅನುಮಾನ ಡೀಸೆಲ್ ಮೇಲೆಯೇ. ಅದೂ ಇಂಜೆಕ್ಷನ್ ಪಂಪ್, ಇಂಜೆಕ್ಟರ್ ಮೇಲಲ್ಲ, ಅದಕ್ಕೂ ಮೊದಲಿನ ದಾರಿ ಮೇಲೆ. ಟ್ಯಾಂಕು, ಒಳಗಿನ ಹೀರು ಕೊಳವೆ, ವಾಲ್ವ್, ನೀರು ಬೇರ್ಪಡಿಸುವ ಫಿಲ್ಟರ್, ಫೀಡ್ ಪಂಪ್, ಎರಡನೇ ಫಿಲ್ಟರ್. ಇದೇ ದಾರಿ. ಒಂದು ತುದಿಯಿಂದ ಹಿಡಿದು ನಡೆಯಬೇಕು. ಮಧ್ಯದಲ್ಲಿ ಎಲ್ಲೋ ಕೈ ಹಾಕಿದರೆ ನಾನು ಫೀಡ್ ಪಂಪ್ ಬದಲಾಯಿಸಿದ ಹಾಗೆ ಆಗುತ್ತದೆ.

ಈ ದಾರಿಯನ್ನು ಎರಡು ಪಾಲು ಮಾಡಲು ಒಂದು ಸುಲಭ ಪರೀಕ್ಷೆ ಇದೆ. ಶುದ್ಧವಾದ ಒಂದು ಕ್ಯಾನಿನಲ್ಲಿ ಹೊಸ ಡೀಸೆಲ್ ಹಾಕಿ ಎಂಜಿನ್‌ಗಿಂತ ಮೇಲೆ ಗಟ್ಟಿಯಾಗಿ ಕಟ್ಟಿಡಿ. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದ ಒಂದು ಪೈಪ್ ನೇರ ಫೀಡ್ ಪಂಪಿಗೆ ಕೊಡಿ. ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ವಾಪಸ್ ಪೈಪನ್ನೂ ಕ್ಯಾನಿಗೇ ತಿರುಗಿಸಿ, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಗಾಳಿ ತೆಗೆದು, ಲೋಡ್ ಹಾಕಿ ಓಡಿಸಿ. ಕ್ಯಾನಿನಿಂದ ಚೆನ್ನಾಗಿ ಓಡಿತಾ? ಹಾಗಾದರೆ ಪಂಪ್, ಇಂಜೆಕ್ಟರ್ ಎಲ್ಲ ಸರಿ ಇದೆ, ದೋಷ ಟ್ಯಾಂಕಿನ ಕಡೆ ಇದೆ. ಕ್ಯಾನಿನಿಂದಲೂ ನಿಂತರೆ ದೋಷ ಎಂಜಿನ್ ಕಡೆ. ಒಂದೇ ಪರೀಕ್ಷೆಯಲ್ಲಿ ಅರ್ಧ ಕೆಲಸ ಮುಗಿಯಿತು. ಬಿಸಿ ಎಕ್ಸಾಸ್ಟ್ ಮೇಲೆ ಡೀಸೆಲ್ ಚೆಲ್ಲದ ಹಾಗೆ ಮಾತ್ರ ನೋಡಿಕೊಳ್ಳಿ.

ಟ್ಯಾಂಕಿನ ಕಡೆ ಅಂತ ಗೊತ್ತಾದ ಮೇಲೆ ಕಾರಣಗಳು ನಾಲ್ಕೈದೇ. ಶಾಂತ ನೀರಿನಲ್ಲಿ ಓಡಿ, ತೆರೆ ಎದ್ದಾಗ ಮಾತ್ರ ನಿಲ್ಲುತ್ತದೆ ಅಂದರೆ ಟ್ಯಾಂಕಿನ ತಳದ ಕೆಸರು ಕಲಕಿ ಮೇಲೆ ಬರುತ್ತಿದೆ. ಫಿಲ್ಟರ್ ಬಿಚ್ಚಿದಾಗ ಕಪ್ಪಗೆ, ಲೋಳೆ ಲೋಳೆಯಾಗಿ ಕೈಗೆ ಅಂಟುವುದು ಸಿಕ್ಕರೆ ಅದು ಬರೀ ಕಸ ಅಲ್ಲ. ತಳದಲ್ಲಿ ನಿಂತ ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪದರ ಅದು. ಫಿಲ್ಟರ್ ಎಷ್ಟು ಬದಲಾಯಿಸಿದರೂ ಮತ್ತೆ ಬರುತ್ತದೆ. ಟ್ಯಾಂಕು ಖಾಲಿ ಮಾಡಿ ತೊಳೆಯದೆ ಬೇರೆ ದಾರಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ನಿಂತಿರುತ್ತದೆ. ಆಗ ಟ್ಯಾಂಕು ಅರ್ಧ ಖಾಲಿ ಇದ್ದರೆ ಮಳೆಗಾಲದ ತೇವದ ಗಾಳಿ ಒಳಗೇ ಹನಿಗಟ್ಟಿ ನೀರಾಗುತ್ತದೆ. ಸೀಸನ್ ಶುರುವಿನಲ್ಲಿ ಫಿಲ್ಟರ್ ಬಟ್ಟಲಿನ ತಳದ ತಿರುಪು ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಹಿಡಿದು ನೋಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಪೈಪಿನಲ್ಲಿ ಗಾಳಿ ಸೇರುವುದು ಇನ್ನೊಂದು. ಇದರಲ್ಲಿ ಬಹಳ ಜನ ಎಡವುವುದು ಒಂದು ವಿಷಯಕ್ಕೆ. ಫೀಡ್ ಪಂಪಿಗಿಂತ ಮೊದಲಿನ ಪೈಪಿನಲ್ಲಿ ತೂತು ಇದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ ಜಾಯಿಂಟ್ ನೋಡಿ ಸರಿ ಇದೆ ಅಂದುಕೊಳ್ಳಬೇಡಿ. ಫೀಡ್ ಪಂಪಿಗೆ ಹೋಗುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿ ಟಾರ್ಚ್ ಬಿಟ್ಟು ನೋಡಿ. ಗುಳ್ಳೆ ಸಾಲಾಗಿ ಬರುತ್ತಿದ್ದರೆ ಹಿಂದಕ್ಕೆ ಹಿಂದಕ್ಕೆ ಒಂದೊಂದೇ ಜಾಯಿಂಟ್ ಬಿಗಿ ಮಾಡುತ್ತಾ ಹೋಗಿ. ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕುವುದು ಗಾಳಿ ಸೇರಲು ಸಾಮಾನ್ಯ ಕಾರಣ. ಫಿಲ್ಟರಿನ ರಬ್ಬರ್ ರಿಂಗ್ ಮಡಚಿ ಕೂತಿರುವುದು ಇನ್ನೊಂದು.

ಈಗ ನಮ್ಮ ಬೋಟಿನ ಕತೆಗೆ ಬರುತ್ತೇನೆ. ಕೊನೆಗೆ ದೋಷವನ್ನು ಕಂಡುಹಿಡಿದದ್ದು ಬೋಟಿನಲ್ಲಿ ಕೆಲಸ ಮಾಡುವ ನಮ್ಮ ಕಲಾಸಿ ಹುಡುಗ. ಆ ಸಲ ಎಂಜಿನ್ ನಿಂತಾಗ ತಾಂಡೇಲರು ಮುಚ್ಚಳ ತೆಗೆಯಲು ಅವನಿಗೆ ಹೇಳಿದರು. ತಿರುಗಿಸಿ ಎತ್ತುವಾಗ ಅದು ಬರಲಿಲ್ಲ. ಜೋರಾಗಿ ಎಳೆದಾಗ "ಸ್ಸ್ಸ್" ಅಂತ ಸದ್ದಾಯಿತು. ಅವನು ಅಂಗೈಯನ್ನು ಟ್ಯಾಂಕಿನ ಬಾಯಿ ಹತ್ತಿರ ಹಿಡಿದು, "ಅಣ್ಣಾ, ಟ್ಯಾಂಕು ಕೈ ಎಳೀತಾ ಉಂಟು" ಅಂದ.

ಟ್ಯಾಂಕಿಗೆ ಗಾಳಿ ಹೋಗುವ ಪೈಪ್ ಡೆಕ್ಕಿನ ಮೇಲೆ ಇರುತ್ತದೆ, ಹೆಬ್ಬೆರಳು ದಪ್ಪ. ಹೋಗಿ ನೋಡಿದರೆ ಅದರ ಬಾಯಿಗೆ ಮಣ್ಣು ಮೆತ್ತಿತ್ತು. ರಜೆಯ ಎರಡು ತಿಂಗಳಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ತಂತಿ ಹಾಕಿ ಕೆದಕಿದರೆ ಒಂದರ ಹಿಂದೆ ಒಂದು ಮಣ್ಣಿನ ಕೋಣೆ, ಒಳಗೆ ಮರಿಗೆ ಅಂತ ತುಂಬಿಟ್ಟ ಒಣಗಿದ ಹಸಿರು ಹುಳುಗಳು. ಎಂಜಿನ್ ಡೀಸೆಲ್ ಹೀರಿದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಆಗುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ಪ್ರತಿ ಸಲ ಎಂಜಿನ್ ಮತ್ತೆ ಹಿಡಿದದ್ದು ನಾನು ಗಾಳಿ ತೆಗೆದಿದ್ದರಿಂದ ಮಾತ್ರ ಅಲ್ಲ, ತಾಂಡೇಲರು ಕೋಲು ಇಳಿಸಲು ಮುಚ್ಚಳ ತೆಗೆದಿದ್ದರಿಂದ.

ಈಗ ಹೊತ್ತಿನ ಲೆಕ್ಕ ನೋಡಿ. ಮೊದಲು 40 ನಿಮಿಷ, ಆಮೇಲೆ ಒಂದು ಗಂಟೆ ದಾಟಿ, ಆಮೇಲೆ ಒಂದೂವರೆ ಗಂಟೆ. ಟ್ಯಾಂಕು ಬಾಯಿತನಕ ತುಂಬಿದ್ದಾಗ ಮೇಲೆ ಗಾಳಿಯ ಜಾಗ ಕಮ್ಮಿ, ಬೇಗ ನಿರ್ವಾತ. ಡೀಸೆಲ್ ಇಳಿದ ಹಾಗೆ ಗಾಳಿಯ ಜಾಗ ಹೆಚ್ಚಿತು, ಎಂಜಿನ್ ಜಾಸ್ತಿ ಹೊತ್ತು ಓಡಿತು. ಬೇರೆ ದೋಷಗಳಲ್ಲಿ ಓಡುವ ಹೊತ್ತು ಹೀಗೆ ಲೆಕ್ಕ ಹಾಕಿದ ಹಾಗೆ ಹೆಚ್ಚುತ್ತಾ ಹೋಗುವುದು ಅಪರೂಪ. ದಕ್ಕೆಯಲ್ಲಿ ನಿಲ್ಲದೆ ಓಡಿದ್ದಕ್ಕೂ ಕಾರಣ ಇದೇ. ಲೋಡ್ ಇಲ್ಲದ ಎಂಜಿನ್ ಕುಡಿಯುವ ಡೀಸೆಲ್ ತೀರಾ ಕಮ್ಮಿ. ಆದ್ದರಿಂದ ಎಂಜಿನ್ ನಿಂತ ಕೂಡಲೇ ಮುಚ್ಚಳ ತೆಗೆಯುವ ಮೊದಲು ಕಿವಿ ಕೊಡಿ. ಈಗ ನಮ್ಮ ಬೋಟಿನಲ್ಲಿ ಆ ಪೈಪನ್ನು ಕೆಳಮುಖವಾಗಿ ಬಗ್ಗಿಸಿ, ಬಾಯಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಕಟ್ಟಿದ್ದೇವೆ.

ಸ್ಟಾರ್ಟೇ ಆಗದಿದ್ದರೆ

ಟಕ್ ಟಕ್ ಅಂದು ಸುಮ್ಮನಾದರೆ ಬ್ಯಾಟರಿ ಅಥವಾ ಕನೆಕ್ಷನ್. ಹೊಸ ಬ್ಯಾಟರಿ ತರುವ ಮೊದಲು ಮೀಟರ್ ಹಿಡಿಯಿರಿ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ಹತ್ತಿರ ತೋರಿಸಬೇಕು. ಸ್ಟಾರ್ಟ್ ಒತ್ತಿದಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ. 24 ವೋಲ್ಟ್ ಆದರೆ ಇದರ ಎರಡು ಪಟ್ಟು. ಬ್ಯಾಟರಿಯಲ್ಲಿ ವೋಲ್ಟೇಜ್ ಚೆನ್ನಾಗಿದ್ದು ಸ್ಟಾರ್ಟರ್ ಮೋಟಾರಿನ ಬೋಲ್ಟಿನಲ್ಲಿ ಕಮ್ಮಿ ಬಂದರೆ ಮಧ್ಯದ ಕೇಬಲ್ ಅದನ್ನು ತಿನ್ನುತ್ತಿದೆ. ಉಪ್ಪುಗಾಳಿಗೆ ಕೇಬಲ್ ತುದಿಯ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಹೊರಗಿನಿಂದ ಕಾಣಿಸುವುದಿಲ್ಲ, ರಬ್ಬರಿನ ಒಳಗೇ ಪುಡಿಯಾಗಿರುತ್ತದೆ. ಎಲ್ಲರೂ ಪ್ಲಸ್ ಕಡೆ ನೋಡುತ್ತಾರೆ. ಅರ್ತ್ ಕೇಬಲನ್ನೂ ನೋಡಿ.

ಸ್ಟಾರ್ಟರ್ ಜೋರಾಗಿ ತಿರುಗಿಸುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ ಅಂದರೆ ಹೊಗೆ ಪೈಪ್ ನೋಡಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ ಅಂದರೆ ಹೋಗುತ್ತಿದೆ, ಉರಿಯುತ್ತಿಲ್ಲ.

ಬಿಸಿ ಏರಿದರೆ

ಮೊದಲು ಬೋಟಿನ ಪಕ್ಕಕ್ಕೆ ಬಗ್ಗಿ, ಎಂಜಿನ್ ತಣಿಸಿದ ಸಮುದ್ರದ ನೀರು ಹೊರಗೆ ಬೀಳುತ್ತಿದೆಯಾ ನೋಡಿ. ದಿನವೂ ಬೀಳುವ ಧಾರೆ ಎಷ್ಟು ದಪ್ಪ ಅಂತ ನಿಮ್ಮ ಕಣ್ಣಿಗೆ ಅಭ್ಯಾಸ ಆಗಿರಬೇಕು. ನೀರು ನಿಂತಿದ್ದರೆ ಎಂಜಿನ್ ಆಫ್ ಮಾಡಿ. ಬೀಳುತ್ತಿದ್ದರೆ ವೇಗ ಇಳಿಸಿ ಸ್ವಲ್ಪ ಹೊತ್ತು ನಿಧಾನಕ್ಕೆ ಓಡಲು ಬಿಡಿ. ಎಂಜಿನ್ ಒಳಗೆ ಸುತ್ತುವ ತಣಿಸುವ ನೀರಿನ (ಕೂಲಂಟ್) ಟ್ಯಾಂಕಿನ ಮುಚ್ಚಳ ಬಿಸಿಯಲ್ಲಿ ತೆಗೆಯಬೇಡಿ. ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ತಟ್ಟನೆ ಏರಿದ ಬಿಸಿಗೆ ಕಾರಣ ತಟ್ಟನೆ ಆಗುವಂಥದ್ದೇ: ಒಳಬರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ, ಬೆಲ್ಟ್ ಹರಿದಿದೆ, ಪಂಪಿನೊಳಗೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಹೋಗಿದೆ. ಎಂಜಿನ್ ನಿಲ್ಲಿಸಿದಾಗ ಹೀರುವುದು ನಿಂತು ಚೀಲ ತಾನೇ ಬಿದ್ದು ಹೋಗುವುದೂ ಉಂಟು. ಆಮೇಲೆ ಎಲ್ಲ ಸರಿ ಕಂಡು, ಏನಾಗಿತ್ತು ಅಂತಲೇ ಗೊತ್ತಾಗುವುದಿಲ್ಲ. ಇಂಪೆಲ್ಲರ್ ರಬ್ಬರಿನದು, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಎಸಳು ಮುರಿಯುತ್ತದೆ. ಹೊಸದು ಹಾಕಿದರೆ ಕೆಲಸ ಮುಗಿಯಲಿಲ್ಲ. ಮುರಿದ ಎಸಳುಗಳನ್ನು ಮೇಜಿನ ಮೇಲೆ ಜೋಡಿಸಿ ಎಣಿಸಿ. ಒಂದು ತುಂಡು ಕಮ್ಮಿ ಬಿದ್ದರೂ ಅದು ಮುಂದೆ ಹೋಗಿ, ಸಮುದ್ರದ ನೀರಿನಿಂದ ಕೂಲಂಟ್ ತಣಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತಿರುತ್ತದೆ, ತಿಂಗಳ ನಂತರ ಮತ್ತೆ ಬಿಸಿ ಏರಿಸುತ್ತದೆ.

ದಿನದಿಂದ ದಿನಕ್ಕೆ, ಜೋರಾಗಿ ಓಡಿಸಿದಾಗ ಮಾತ್ರ ಬಿಸಿ ಏರುತ್ತಿದ್ದರೆ ಹೀಟ್ ಎಕ್ಸ್‌ಚೇಂಜರ್ ಕಟ್ಟಿದೆ ಅಥವಾ ಬೋಟಿನ ಅಡಿಗೆ ಚಿಪ್ಪು ಹಿಡಿದು ಎಂಜಿನ್‌ಗೆ ಭಾರ ಜಾಸ್ತಿ ಆಗಿದೆ. ಕೂಲಂಟ್ ಎಲ್ಲೂ ಸೋರದೆ ಕಮ್ಮಿಯಾಗುತ್ತಾ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಮೇಲಿನ ಹೆಡ್ ಗ್ಯಾಸ್ಕೆಟ್ ಸೀಲ್ ಹೋಗಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಹೊಗೆ, ಆಯಿಲ್

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಹಾಗಂತ ಕೂಡಲೇ ಇಂಜೆಕ್ಟರ್ ಬಿಚ್ಚಬೇಡಿ. ಏರ್ ಫಿಲ್ಟರ್ ನೋಡಿ, ಎಂಜಿನ್ ರೂಮಿಗೆ ಗಾಳಿ ಬರುವ ದಾರಿಗೆ ಯಾರಾದರೂ ಬಲೆ ಒಟ್ಟಿದ್ದಾರಾ ನೋಡಿ. ಅಡಿ ತೊಳೆದು ನೀರಿಗೆ ಇಳಿಸಿದ ದಿನ ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬರುತ್ತದೆ ಅಂತ ಗೋಡೆಯಲ್ಲಿ ಬರೆದಿಡಿ. ಮುಂದೆ ಅಷ್ಟು ಬರದೆ ಕಪ್ಪು ಹೊಗೆ ಬಂದರೆ ಅಡಿಯನ್ನೂ ಪ್ರೊಪೆಲ್ಲರನ್ನೂ ಮೊದಲು ನೋಡಿ. ನೀಲಿ ಹೊಗೆ ಆಯಿಲ್ ಉರಿಯುವುದು. ಬಿಳಿ ಹೊಗೆ ಕಣ್ಣು ಉರಿಸಿ ಡೀಸೆಲ್ ವಾಸನೆ ಬಂದರೆ ಉರಿಯದ ಡೀಸೆಲ್. ವಾಸನೆ ಇಲ್ಲದೆ ಗಾಳಿಯಲ್ಲಿ ಬೇಗ ಕರಗಿದರೆ ನೀರಿನ ಹಬೆ.

ಡಿಪ್ ಸ್ಟಿಕ್ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ಆಯಿಲ್ ಕಮ್ಮಿಯಾಗುವುದು ಮಾತ್ರ ಅಲ್ಲ, ಏರುವುದೂ ಅಪಾಯ. ಮೂಸಿ ನೋಡಿ. ಡೀಸೆಲ್ ವಾಸನೆ ಬಂದು ತೆಳ್ಳಗಿದ್ದರೆ ಫೀಡ್ ಪಂಪಿನಿಂದಲೋ ಇಂಜೆಕ್ಷನ್ ಪಂಪಿನ ಸೀಲಿನಿಂದಲೋ ಇಳಿಯುತ್ತಿದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು. ಅನುಮಾನ ಇದ್ದರೆ ಅಡುಗೆಯ ಹಳೇ ಸೌಟನ್ನು ಕಾಯಿಸಿ ಒಂದು ಹನಿ ಬಿಡಿ. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸಿಡಿಯುತ್ತದೆ. ಸಿಡಿದರೆ ಆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಆಯಿಲ್ ಪ್ರೆಶರ್ ಅಲಾರಂ ಬಂದರೂ ಅಷ್ಟೇ, ಆ ಕ್ಷಣ ಆಫ್. ಸೆನ್ಸರ್ ಕೆಟ್ಟಿರಬಹುದು ಅಂತ ಓಡಿಸಿ ನೋಡುವುದು ಬೇಡ.

ನಡುಕ

ಗೇರ್ ಹಾಕಿದಾಗ ಮಾತ್ರ ನಡುಗಿದರೆ ಪ್ರೊಪೆಲ್ಲರ್, ಅದನ್ನು ತಿರುಗಿಸುವ ಶಾಫ್ಟ್, ಎಂಜಿನ್ ಕೂರುವ ಮೌಂಟ್ ನೋಡಿ. ನ್ಯೂಟ್ರಲ್‌ನಲ್ಲೂ ನಡುಗಿದರೆ ಒಂದು ಸಿಲಿಂಡರ್ ಕೆಲಸ ಮಾಡದಿರಬಹುದು. ಹಳೇ ಮಾದರಿ ಪಂಪಿನ ಎಂಜಿನ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ, ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸ್ವಲ್ಪ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದು ಸತ್ತ ಸಿಲಿಂಡರ್. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗಿನಿಂದ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗೆ ಆದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಹೋಗಿ.

ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಪ್ಯಾಕಿಂಗಿನಿಂದ ಓಡುವಾಗ ಒಂದೊಂದೇ ಹನಿ ತೊಟ್ಟಿಕ್ಕಬೇಕು. ಹನಿ ನಿಲ್ಲಿಸಲು ಪೂರ್ತಿ ಬಿಗಿ ಮಾಡಿದರೆ ಶಾಫ್ಟ್ ಸವೆಯುತ್ತದೆ. ಗ್ಲ್ಯಾಂಡ್ ಮೇಲೆ ಅಂಗೈ ಇಡಲು ಆಗದಷ್ಟು ಬಿಸಿ ಇದ್ದರೆ ಬಿಗಿ ಜಾಸ್ತಿ ಆಗಿದೆ ಅಂತ ಅರ್ಥ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

"ಎಂಜಿನ್ ಹಾಳಾಗಿದೆ, ಬನ್ನಿ" ಅಂದರೆ ಅವರು ಬರೀ ಸ್ಪ್ಯಾನರ್ ಚೀಲ ಹಿಡಿದು ಬರುತ್ತಾರೆ. ಹೀಗೆ ಹೇಳಿ: ಎಷ್ಟು ಹೊತ್ತು ಓಡಿ ನಿಂತಿತು, ಎಷ್ಟು ಆರ್‌ಪಿಎಂ ಇತ್ತು, ತಡವರಿಸಿ ನಿಂತಿತೋ ತಟ್ಟನೆಯೋ, ಹೊಗೆ ಯಾವ ಬಣ್ಣ, ನೀರು ಬೀಳುತ್ತಿತ್ತಾ, ಮೀಟರ್ ಏನು ತೋರಿಸುತ್ತಿತ್ತು. ಕೊನೆಯ ಸಲ ಏನು ಬಿಚ್ಚಿ ಹಾಕಿದ್ದೀರಿ ಅಂತಲೂ ಹೇಳಿ, ಮುಚ್ಚಿಡಬೇಡಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಲು ಕೇಳಿಕೊಳ್ಳಿ. ನಾವು ಫಿಲ್ಟರ್, ಪಂಪ್, ಇಂಜೆಕ್ಟರ್ ಮೂರನ್ನೂ ಒಟ್ಟಿಗೆ ಮಾಡಿಸಿದ್ದೆವು. ಒಂದು ವೇಳೆ ಎಂಜಿನ್ ಸರಿ ಹೋಗಿದ್ದರೂ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. ಬಿಚ್ಚಿದ ಹಳೇ ಫೀಡ್ ಪಂಪನ್ನು ತೊಳೆದು, ಗ್ರೀಸ್ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೋಟಿನಲ್ಲೇ ಇಟ್ಟಿದ್ದೇನೆ. ಅದರಲ್ಲಿ ಏನೂ ದೋಷ ಇರಲಿಲ್ಲ.